ಮೊದಲು ಪೇಪರ್ ತೋರಿಸಿ, ಶುಲ್ಕದ ಮಾತು ಆಮೇಲೆ

ಪ್ರಶ್ನೆ: ಸರ್, ನಾನು ಮಧ್ಯ ಕರ್ನಾಟಕದ ಒಂದು ಅನುದಾನಿತ ಸ್ವಾಯತ್ತ ಪದವಿ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕಿ. ಸ್ವಾಯತ್ತ ಆದ್ದರಿಂದ ಪರೀಕ್ಷೆ, ಮೌಲ್ಯಮಾಪನದ ನಿಯಮ ನಮ್ಮದೇ. ಹೋದ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿಗಳ ರಾಶಿಯೇ ಬಿತ್ತು. ಮಕ್ಕಳು ಅರ್ಧ ದಿನ ಗೇಟಿನ ಮುಂದೆ ಕೂತರು. ಈಗ ಪ್ರಿನ್ಸಿಪಾಲರು ಐದು ಜನರ ಸಮಿತಿ ಮಾಡಿ, ನಿಯಮ ತಿದ್ದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಈಗಿನ ನಿಯಮ ಹೀಗಿದೆ: ಫಲಿತಾಂಶ ಬಂದ ಹತ್ತು ದಿನದೊಳಗೆ ಅರ್ಜಿ ಹಾಕಬೇಕು. ಮರು ಎಣಿಕೆಗೆ ಒಂದು ಶುಲ್ಕ, ಮರುಮೌಲ್ಯಮಾಪನಕ್ಕೆ ಇನ್ನೊಂದು. ಉತ್ತರ ಪತ್ರಿಕೆಯ ಪ್ರತಿ ಕೊಡುವುದಿಲ್ಲ. ಎರಡರಲ್ಲಿ ಯಾವ ಅಂಕ ಜಾಸ್ತಿಯೋ ಅದೇ ಅಂತಿಮ. ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20 ಅಂಕ. ಇಂಟರ್ನಲ್ಸ್ ಬಗ್ಗೆ ಮೇಲ್ಮನವಿಗೆ ಅವಕಾಶವೇ ಇಲ್ಲ. ಶುಲ್ಕ ಎರಡು ಪಟ್ಟು ಮಾಡಿ, 'ಅಂಕ ಕಮ್ಮಿಯೂ ಆಗಬಹುದು' ಎಂದು ಸೇರಿಸಿದರೆ ಸುಮ್ನೆ ಅರ್ಜಿ ಹಾಕುವವರು ನಿಲ್ಲುತ್ತಾರೆ ಅಂತ ಪ್ರಿನ್ಸಿಪಾಲರ ಅಭಿಪ್ರಾಯ. ಪೇಪರ್ ತೋರಿಸಿದರೆ ಮೇಷ್ಟ್ರಿಗೆ ಮರ್ಯಾದೆ ಇರುವುದಿಲ್ಲ ಅಂತ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಕಾನೂನು ಏನು ಹೇಳುತ್ತದೆ? ನಾವು ಏನು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ಪ್ರಿನ್ಸಿಪಾಲರ ಲೆಕ್ಕ ತಪ್ಪಲ್ಲ. ಶುಲ್ಕ ಎರಡು ಪಟ್ಟು ಮಾಡಿದರೆ ಅರ್ಜಿ ಖಂಡಿತ ಕಮ್ಮಿಯಾಗುತ್ತವೆ. ಪರೀಕ್ಷಾ ವಿಭಾಗದಲ್ಲಿ ಕೂತಿದ್ದಾಗ ನಾನೂ ಅದನ್ನೇ ಮಾಡಿದ್ದೆ. ಅರ್ಜಿ ಇಳಿದವು. ಮೀಟಿಂಗ್‌ನಲ್ಲಿ ಎಲ್ಲರೂ ಭೇಷ್ ಅಂದರು.

ಮುಂದಿನ ಸೆಮಿಸ್ಟರ್‌ನಲ್ಲಿ ಒಬ್ಬ ಹುಡುಗಿ ತಂದೆಯ ಜೊತೆ ಬಂದಳು. ಬಿಎಸ್ಸಿ ಎರಡನೇ ವರ್ಷ. ರಸಾಯನಶಾಸ್ತ್ರದಲ್ಲಿ ಎರಡೇ ಅಂಕಕ್ಕೆ ಫೇಲು. ಅರ್ಜಿ ತಂದಿರಲಿಲ್ಲ. ಮತ್ತೆ ಪರೀಕ್ಷೆ ಬರೆಯಲು ಶುಲ್ಕ ಕಟ್ಟುವ ಕೌಂಟರ್ ಯಾವುದು ಅಂತ ಕೇಳಿದರು. ಮರುಮೌಲ್ಯಮಾಪನಕ್ಕೆ ಹಾಕಲಿಲ್ಲವೇ ಅಂದೆ. 'ಅದಕ್ಕಿಂತ ಪರೀಕ್ಷೆ ಬರೆಯೋದೇ ಕಮ್ಮಿ ಖರ್ಚು ಸಾರ್' ಅಂದರು ತಂದೆ. ನಿಜ. ನಾನೇ ಸಹಿ ಮಾಡಿದ ಸುತ್ತೋಲೆಯ ಪ್ರಕಾರ, ಬರೆದದ್ದನ್ನು ಇನ್ನೊಮ್ಮೆ ನೋಡಿಸುವುದಕ್ಕಿಂತ ಇನ್ನೊಮ್ಮೆ ಬರೆಯುವುದೇ ಅಗ್ಗವಾಗಿತ್ತು! ಹುಡುಗಿ ಒಂದೇ ಮಾತು ಹೇಳಿದಳು: 'ಸಾರ್, 6ಬಿ ಬರೆದಿದ್ದೆ, ಚೆನ್ನಾಗಿ ನೆನಪಿದೆ.'

ಕಟ್ಟು ತರಿಸಿ ಪೇಪರ್ ತೆಗೆಸಿದೆ. ಮುಖಪುಟದ ಅಂಕಪಟ್ಟಿಯಲ್ಲಿ 6ಬಿ ಕಾಲಂನಲ್ಲಿ ಕೆಂಪು ಗೆರೆಯೊಂದು ಅಡ್ಡ ಇತ್ತು. ಅಂದರೆ 'ಬರೆದಿಲ್ಲ'. ಪುಟ ತಿರುಗಿಸುತ್ತಾ ಹೋದೆ. ಕೊನೆಯಲ್ಲಿ ದಾರ ಕಟ್ಟಿದ ಅಡಿಷನಲ್ ಶೀಟ್. ಅದರಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ಉಗುರಿನಲ್ಲಿ ಬಿಡಿಸಿದರೆ ಒಳಗೆ 6ಬಿ, ಒಂದೂವರೆ ಪುಟ. ಕೆಂಪು ಇಂಕಿನ ಒಂದು ಚುಕ್ಕೆಯೂ ಇರಲಿಲ್ಲ. ವಿಷಯದ ಮೇಷ್ಟ್ರನ್ನು ಕರೆಸಿ ನೋಡಿಸಿದರೆ ಐದು ಅಂಕ ಬಂತು. ಹುಡುಗಿ ಪಾಸು.

ನನ್ನ ಶುಲ್ಕ ತಡೆದದ್ದು ಸುಮ್ನೆ ಅರ್ಜಿ ಹಾಕುವವರನ್ನಲ್ಲ, ಮೇಡಂ. ದುಡ್ಡಿದ್ದವರು ಆಗಲೂ ಹಾಕಿದರು. ನಿಂತವರು ಇಂಥವರು. ಶುಲ್ಕಕ್ಕೆ ಯಾರ ದೂರು ಗಟ್ಟಿ, ಯಾರದು ಜೊಳ್ಳು ಅಂತ ಗೊತ್ತಾಗುವುದಿಲ್ಲ. ಯಾರ ಜೇಬಿನಲ್ಲಿ ಎಷ್ಟಿದೆ ಅಂತ ಮಾತ್ರ ಗೊತ್ತಾಗುತ್ತದೆ.

ನೀವು ಮೊದಲು ಮಾಡಬೇಕಾದದ್ದು ಅರ್ಜಿಗಳನ್ನು ಎರಡು ರಾಶಿ ಮಾಡುವುದು. ಒಂದು, ತಪ್ಪು. ಇನ್ನೊಂದು, ತೀರ್ಮಾನ. ಈಗ ಎರಡನ್ನೂ ಒಂದೇ ಫಾರಂನಲ್ಲಿ ತುರುಕಿದ್ದೀರಿ, ಎಲ್ಲ ಗೊಂದಲ ಅಲ್ಲಿಂದಲೇ.

ತಪ್ಪು ಅಂದರೆ ಯಾರು ನೋಡಿದರೂ ತಪ್ಪು ಅಂತ ಒಪ್ಪಬೇಕಾದದ್ದು. ಒಂದು ಉತ್ತರಕ್ಕೆ ಅಂಕವೇ ಬಿದ್ದಿಲ್ಲ. ಒಳಗೆ 7 ಕೊಟ್ಟು ಮುಖಪುಟದಲ್ಲಿ 1 ಬರೆದಿದ್ದಾರೆ. ಕೂಡಿಸುವಾಗ ಹತ್ತು ಬಿಟ್ಟುಹೋಗಿದೆ. 36 ಅನ್ನು ಕಂಪ್ಯೂಟರಿಗೆ ಹಾಕುವಾಗ 63 ಆಗಿದೆ, ಅಥವಾ 63 ಹೋಗಿ 36 ಆಗಿದೆ. ಎರಡು ಪ್ರಶ್ನೆಯಲ್ಲಿ ಒಂದನ್ನು ಬರೆಯಿರಿ ಅಂದಿದ್ದಕ್ಕೆ ಹುಡುಗ ಎರಡೂ ಬರೆದಿದ್ದಾನೆ, ಕಮ್ಮಿ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಹೆಸರು ಮುಚ್ಚಿ ಪೇಪರಿಗೆ ಗುಟ್ಟಿನ ನಂಬರ್ ಹಾಕುವ ಕೋಡಿಂಗ್ ಮಾಡುವಾಗ ಚೀಟಿ ಅದಲುಬದಲಾಗಿ ಒಬ್ಬನ ಅಂಕ ಇನ್ನೊಬ್ಬನಿಗೆ ಹೋಗಿದೆ. ಕಡೆಯದು ಅಪರೂಪ, ಆದರೆ ಆದಾಗ ದೊಡ್ಡ ರಂಪ.

ಇವೆಲ್ಲ ಯಾಕಾಗುತ್ತವೆ ಅಂತ ನಿಮಗೆ ಹೇಳಬೇಕಿಲ್ಲ, ನೀವೂ ಮೌಲ್ಯಮಾಪನ ಕೇಂದ್ರದಲ್ಲಿ ಕೂತವರೇ. ದಿನಕ್ಕೆ ಇಷ್ಟು ಪೇಪರ್ ಅಂತ ಲೆಕ್ಕ. ಪೇಪರಿಗೆ ಇಷ್ಟು ರೂಪಾಯಿ ಅಂತ ಇನ್ನೊಂದು ಲೆಕ್ಕ. ಊಟ ಆದ ಮೇಲಿನ ಮೊದಲ ಕಟ್ಟು, ಸಂಜೆ ಬಸ್ಸಿಗೆ ಹೊರಡುವ ಮೊದಲಿನ ಕೊನೆಯ ಕಟ್ಟು. ತಪ್ಪುಗಳು ಹೆಚ್ಚಾಗಿ ಈ ಎರಡರಲ್ಲೇ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಸ್ಕ್ರೀನಿನ ಮೇಲೆ ಮೌಲ್ಯಮಾಪನ ಮಾಡಿಸಿದರೆ ಕೂಡಿಸುವ ತಪ್ಪು ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡುವಾಗ ಪುಟ ಬಿಟ್ಟುಹೋದರೆ ಅದೇ ಅಂಟಿದ ಹಾಳೆಯ ಕತೆ, ಹೊಸ ರೂಪದಲ್ಲಿ.

ಇಂಥ ತಪ್ಪು ತಿದ್ದಲು ವಿದ್ಯಾರ್ಥಿಯಿಂದ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಂಗಡಿಯವನು ಚಿಲ್ಲರೆ ಕಮ್ಮಿ ಕೊಟ್ಟು, ಎಣಿಸಿ ನೋಡಲು ಫೀಸು ಕೇಳಿದ ಹಾಗೆ.

ತೀರ್ಮಾನದ ರಾಶಿ ಬೇರೆ. ಹತ್ತು ಅಂಕದ ಪ್ರಬಂಧ ಮಾದರಿ ಉತ್ತರಕ್ಕೆ ಒಬ್ಬರು 5 ಕೊಡುತ್ತಾರೆ, ಇನ್ನೊಬ್ಬರು 7. ಇಬ್ಬರೂ ಪ್ರಾಮಾಣಿಕರೇ. ಗಣಿತದಲ್ಲಿ ಈ ಅಂತರ ಕಮ್ಮಿ, ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದಲ್ಲಿ ಜಾಸ್ತಿ. ಅದೇ ಮೇಷ್ಟ್ರಿಗೆ ಅದೇ ಪೇಪರನ್ನು ಆರು ತಿಂಗಳು ಬಿಟ್ಟು ಕೊಟ್ಟರೂ ಅದೇ ಅಂಕ ಬರುತ್ತದೆ ಅಂತ ಹೇಳಲಾಗದು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳ ದೂರು ಕೇಳುವ ಸ್ವತಂತ್ರ ಸಂಸ್ಥೆಗೂ 2004ರ ಕಾನೂನಿನ ಪ್ರಕಾರ ಮೇಷ್ಟ್ರ ಶೈಕ್ಷಣಿಕ ತೀರ್ಮಾನದೊಳಗೆ ಕೈ ಹಾಕುವ ಅಧಿಕಾರ ಇಲ್ಲ. ಪದ್ಧತಿ ಸರಿಯಾಗಿತ್ತೇ ಅಂತ ಮಾತ್ರ ಅದು ನೋಡುತ್ತದೆ. ನಮ್ಮಲ್ಲಿ ಮರುಮೌಲ್ಯಮಾಪನದ ಪದ್ಧತಿ ಬೇರೂರಿದೆ, ಈಗ ಕಿತ್ತುಹಾಕಲು ಆಗದು, ಕಿತ್ತುಹಾಕುವುದೂ ಬೇಡ. ಆದರೆ ಅದು ಎರಡನೇ ಅಭಿಪ್ರಾಯ ಅಂತ ಮಕ್ಕಳಿಗೂ ಗೊತ್ತಿರಬೇಕು, ನಿಮ್ಮ ನಿಯಮಕ್ಕೂ ಗೊತ್ತಿರಬೇಕು.

ಗ್ರೇಡ್ ಪದ್ಧತಿ ಬಂದ ಮೇಲೆ ಈ ಒಂದೆರಡು ಅಂಕದ ಅಂತರಕ್ಕೆ ಬೆಲೆ ಏರಿದೆ. ಒಟ್ಟು 69 ಬಂದರೆ ಒಂದು ಗ್ರೇಡ್, 70 ಬಂದರೆ ಮುಂದಿನದು ಅಂತ ಇಟ್ಟುಕೊಳ್ಳಿ. ಪ್ರತಿ ಪೇಪರಿಗೂ ಕ್ರೆಡಿಟ್ ಅಂತ ಒಂದು ತೂಕ ಇರುತ್ತದೆ. 20 ಕ್ರೆಡಿಟ್‌ನ ಸೆಮಿಸ್ಟರ್‌ನಲ್ಲಿ ಅದು 4 ಕ್ರೆಡಿಟ್‌ನ ಪೇಪರ್ ಆದರೆ, ಆ ಒಂದು ಅಂಕ ಒಂದು ಗ್ರೇಡ್ ಪಾಯಿಂಟ್ ಏರಿಸಿ, ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್ ಆದ ಎಸ್‌ಜಿಪಿಎಯನ್ನು 0.2 ಎತ್ತುತ್ತದೆ. 5.9 ಇದ್ದದ್ದು 6.1. ಕ್ಯಾಂಪಸ್ಸಿಗೆ ಬರುವ ಕಂಪನಿ 6 ಬೇಕು ಅಂದರೆ ಕತೆ ಮುಗಿಯಿತು. ಹಳೇ ಶೇಕಡಾವಾರು ಕಾಲದಲ್ಲಿ ಒಂದು ಅಂಕ ಅಂದರೆ ಒಂದೇ ಅಂಕ. ಈಗ ಗಡಿಯಲ್ಲಿ ನಿಂತವನಿಗೆ ಅದು ಏಣಿಯ ಮೆಟ್ಟಿಲು. ಮಕ್ಕಳು 'ಮಾರ್ಕ್ಸಿಗೆ ಸಾಯ್ತಾರೆ' ಅಂತ ಸ್ಟಾಫ್ ರೂಮಿನಲ್ಲಿ ಬೈಯುತ್ತೇವಲ್ಲ, ಮೆಟ್ಟಿಲು ಕಟ್ಟಿದವರು ನಾವೇ ಅಲ್ವಾ?

ಈಗ ಪೇಪರ್ ತೋರಿಸುವ ವಿಷಯ. ನಿಮ್ಮ ಹಿರಿಯರಿಗೆ ಹೇಳಿ, ತೋರಿಸಬೇಕೋ ಬೇಡವೋ ಅನ್ನುವ ಚರ್ಚೆ 2011ರಲ್ಲೇ ಮುಗಿದಿದೆ. ಆ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಮೊಕದ್ದಮೆಯಲ್ಲಿ, ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ 'ಮಾಹಿತಿ'ಯೇ, ಬರೆದವರಿಗೆ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ ಅಂತ ಹೇಳಿತು. ಮೌಲ್ಯಮಾಪಕರ ಹೆಸರು ಕೊಡಬೇಕಿಲ್ಲ ಅಂತಲೂ ಹೇಳಿತು. ಪ್ರತಿ ಸಿಕ್ಕ ಮಾತ್ರಕ್ಕೆ ಈ ಕಾಯ್ದೆಯಡಿ ಮರುಮೌಲ್ಯಮಾಪನ ಕೇಳಲಾಗದು ಅಂತಲೂ ಸ್ಪಷ್ಟಪಡಿಸಿತು. ಈ ಮೂರೂ ನಿಮಗೆ ಬೇಕಾದವೇ. ಪ್ರತಿ ಮಾಡಿಸುವಾಗ ಮೌಲ್ಯಮಾಪಕರ ಸಹಿ, ಕೋಡ್ ಇರುವ ಜಾಗಕ್ಕೆ ಒಂದು ಚೀಟಿ ಇಟ್ಟು ಮುಚ್ಚಿ. ಅಷ್ಟೇ.

ಅದು ಸರ್ಕಾರಿ ಬೋರ್ಡಿಗೆ, ನಮಗಲ್ಲ ಅಂತ ಯಾರಾದರೂ ಹೇಳುತ್ತಾರೆ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಕಾಲೇಜುಗಳೂ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಅಂತ 2019ರಲ್ಲಿ ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮೇಷ್ಟ್ರುಗಳ ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿದ್ದರೆ ಜಾರಿಕೊಳ್ಳಲು ದಾರಿ ಕಮ್ಮಿ. ಇನ್ನೊಬ್ಬರು ಯುಪಿಎಸ್‌ಸಿ ತೀರ್ಪು ತೆಗೆಯುತ್ತಾರೆ, ಪ್ರತಿ ಸಮಿತಿಯಲ್ಲೂ ಒಬ್ಬರು ಇರುತ್ತಾರೆ. 2018ರ ಆ ತೀರ್ಪು ಸಿವಿಲ್ ಸರ್ವಿಸಸ್ ಪರೀಕ್ಷೆಯ ಅಂಕಗಳ ವಿವರ ಬಹಿರಂಗಪಡಿಸಬೇಕಿಲ್ಲ ಅನ್ನುವುದು. ಲಕ್ಷಾಂತರ ಜನ ಬರೆಯುವ ಸ್ಪರ್ಧಾ ಪರೀಕ್ಷೆಗೂ ನಿಮ್ಮ ನಾಲ್ಕನೇ ಸೆಮಿಸ್ಟರ್ ಬಿಕಾಂಗೂ ಹೋಲಿಕೆ ಇಲ್ಲ.

ದುಡ್ಡಿನ ಲೆಕ್ಕ ನೋಡಿ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 36 ಪುಟದ ಉತ್ತರ ಪತ್ರಿಕೆಗೆ ಒಟ್ಟು 82 ರೂಪಾಯಿ. ನೀವು ಪ್ರತಿಗೆ ಐನೂರು ಇಟ್ಟರೆ ಬುದ್ಧಿವಂತ ಹುಡುಗರು ಮಾಹಿತಿ ಹಕ್ಕಿನ ದಾರಿ ಹಿಡಿಯುತ್ತಾರೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಸಂಸ್ಥೆಯ ನಿಯಮದಡಿ ಕೇಳಿದರೆ ಸಂಸ್ಥೆಯ ಶುಲ್ಕ, ಮಾಹಿತಿ ಹಕ್ಕಿನಡಿ ಕೇಳಿದರೆ ಅದರ ಶುಲ್ಕ. ಎರಡು ದಾರಿಯೂ ತೆರೆದಿವೆ. ಆದರೆ ಮಾಹಿತಿ ಹಕ್ಕಿನಲ್ಲಿ ಉತ್ತರ ಕೊಡಲು 30 ದಿನ ಇರುತ್ತದೆ, ನಿಮ್ಮ ಮರುಮೌಲ್ಯಮಾಪನದ ಗಡುವು ಹತ್ತೇ ದಿನ. ಹಕ್ಕು ಕೈಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಗೇಟಿನ ಮುಂದೆ ಕೂರುವುದು ಇಂಥದ್ದಕ್ಕೇ. ಪ್ರತಿಯನ್ನು ಜೆರಾಕ್ಸ್ ಖರ್ಚಿಗೆ ಕೊಡಿ, ಮರುಮೌಲ್ಯಮಾಪನದ ಗಡುವನ್ನು ಪ್ರತಿ ಕೈಗೆ ಸಿಕ್ಕ ದಿನದಿಂದ ಎಣಿಸಿ.

ಇನ್ನೊಂದು ಸಣ್ಣ ಮಾತು, ಎಲ್ಲರೂ ಮರೆಯುವಂಥದ್ದು. ಉತ್ತರ ಪತ್ರಿಕೆ ಎಷ್ಟು ಕಾಲ ಇಟ್ಟಿರುತ್ತೀರಿ ಅಂತ ನಿಯಮದಲ್ಲಿ ಬರೆಯಿರಿ. ನೋಡುವ ಹಕ್ಕು ಇರುವುದು ಪೇಪರ್ ಇಟ್ಟಿರಬೇಕಾದ ಅವಧಿಯವರೆಗೆ ಮಾತ್ರ, 2011ರ ತೀರ್ಪಿನಲ್ಲೇ ಇದೆ. ಅವಧಿ ಬರೆಯದೆ ರದ್ದಿಗೆ ಹಾಕಿದರೆ ಅನುಮಾನ ನಿಮ್ಮ ಮೇಲೇ.

ಮರ್ಯಾದೆಯ ಪ್ರಶ್ನೆಗೆ ಬರುತ್ತೇನೆ. ಆ ಭಯ ಸುಳ್ಳಲ್ಲ. ಪ್ರತಿ ಕೊಡಲು ಶುರು ಮಾಡಿದ ಮೊದಲ ಸೆಮಿಸ್ಟರ್‌ನಲ್ಲಿ ಮುಜುಗರ ಆಗೇ ಆಗುತ್ತದೆ. ಒಂದು ಪೇಪರಿನ ಚಿತ್ರ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಅದಕ್ಕೆ ಸಿದ್ಧರಾಗಿರಿ. ನಾನು ಕಂಡ ಬದಲಾವಣೆ ಇನ್ನೊಂದು: ಪೇಪರ್ ಹೊರಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಮೇಷ್ಟ್ರುಗಳು ಅಂಚಿನಲ್ಲಿ ಬರೆಯಲು ಶುರು ಮಾಡಿದರು. 'ಚಿತ್ರ ಇಲ್ಲ, 2 ಕಮ್ಮಿ.' 'ವ್ಯಾಖ್ಯೆ ತಪ್ಪು.' ಮೂರು ಪದ. ಆ ಮೂರು ಪದ ಓದಿದ ಎಷ್ಟೋ ಮಕ್ಕಳು ಅರ್ಜಿ ಹಾಕದೇ ಮನೆಗೆ ಹೋದರು. ತನ್ನ ತಪ್ಪು ತನಗೇ ಕಂಡರೆ ಹುಡುಗ ಜಗಳ ಆಡುವುದಿಲ್ಲ. ಕಾಣದಿದ್ದಾಗ ಮೇಷ್ಟ್ರಿಗೆ ತನ್ನ ಮೇಲೆ ಕೋಪ ಅಂದುಕೊಳ್ಳುತ್ತಾನೆ. ಪ್ರತಿಯ ಜೊತೆ ಅಂಕ ಹಂಚಿಕೆಯ ಪಟ್ಟಿಯನ್ನೂ, ಅದೇ ಸ್ಕೀಮ್ ಆಫ್ ವ್ಯಾಲ್ಯುಯೇಷನ್, ಪ್ರಕಟಿಸಿಬಿಡಿ.

ಹಾಗೆ ಮಾಡಿದರೆ ಮೊದಲ ರಾಶಿ ಬೇಗ ಕರಗುತ್ತದೆ. ಪ್ರತಿ ನೋಡಿದವನು ತಪ್ಪು ಎಲ್ಲಿದೆ ಅಂತ ಪುಟ ಸಂಖ್ಯೆ ಸಮೇತ ಬರೆದು ಕೊಡಲಿ. ಪರೀಕ್ಷಾ ವಿಭಾಗ ಒಂದು ವಾರದಲ್ಲಿ ತಿದ್ದಲಿ, ಶುಲ್ಕ ಇಲ್ಲದೆ. ಕೂಡಿಸುವಾಗ ಅಂಕ ಜಾಸ್ತಿ ಬಿದ್ದಿದ್ದರೆ? ಅದನ್ನು ಯಾವ ಹುಡುಗನೂ ಬರೆದು ಕೊಡುವುದಿಲ್ಲ, ಆ ಚಿಂತೆ ಬಿಡಿ.

ಎರಡನೇ ರಾಶಿಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಮೂರರಲ್ಲೂ ಮುಳ್ಳಿದೆ.

ಈಗಿನ ನಿಮ್ಮ ದಾರಿ 'ಜಾಸ್ತಿ ಬಂದದ್ದೇ ಅಂತಿಮ' ಅನ್ನುವುದು. ಕೇಳಲು ಉದಾರವಾಗಿದೆ. ಆದರೆ ಯೋಚಿಸಿ. ಇಬ್ಬರು ಮೇಷ್ಟ್ರ ನಡುವೆ ಸಹಜವಾಗಿಯೇ ಏರಿಳಿತ ಇರುತ್ತದೆ ಅಂದೆವಲ್ಲ. ಏರಿದ್ದನ್ನು ಮಾತ್ರ ಇಟ್ಟುಕೊಂಡು ಇಳಿದದ್ದನ್ನು ಬಿಟ್ಟರೆ, ಅರ್ಜಿ ಹಾಕಿದವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ದುಡ್ಡು ಕಟ್ಟಿದವನಿಗೆ ಇನ್ನೊಂದು ಲಾಟರಿ ಟಿಕೆಟ್. 'ಮರುಮೌಲ್ಯಮಾಪನಕ್ಕೆ ಹಾಕಿದರೆ ಜಾಸ್ತಿ ಆಗೇ ಆಗುತ್ತೆ' ಅನ್ನುವ ನಂಬಿಕೆ ಹುಟ್ಟುವುದೂ ಇಲ್ಲಿಂದಲೇ. ಇಳಿದವರ ಮಾರ್ಕ್ಸ್ ಕಾರ್ಡ್ ಬದಲಾಗುವುದಿಲ್ಲ, ಆದ್ದರಿಂದ ಅವರ ಕತೆ ಯಾರೂ ಹೇಳುವುದಿಲ್ಲ. ಜೊತೆಗೆ, ಅಷ್ಟೇ ಚೆನ್ನಾಗಿ ಬರೆದು ದುಡ್ಡಿಲ್ಲದೆ ಸುಮ್ಮನಿದ್ದವನು ರ್‍ಯಾಂಕ್ ಪಟ್ಟಿಯಲ್ಲಿ ಕೆಳಗೆ ಹೋಗುತ್ತಾನೆ.

ಪ್ರಿನ್ಸಿಪಾಲರ ದಾರಿ 'ಎರಡನೆಯದೇ ಅಂತಿಮ, ಕಮ್ಮಿ ಬಂದರೂ ಸರಿ'. ಇದು ಅರ್ಜಿ ಇಳಿಸುತ್ತದೆ. ಆದರೆ ಎರಡನೆಯವರು ಮೊದಲನೆಯವರಿಗಿಂತ ಸರಿ ಅಂತ ಯಾರು ಹೇಳಿದರು? ಇಬ್ಬರ ಅಭಿಪ್ರಾಯದಲ್ಲಿ ಒಂದನ್ನು ಕಸದ ಬುಟ್ಟಿಗೆ ಹಾಕಿದ ಹಾಗಾಯಿತು. ಅಂಚಿನಲ್ಲಿ ಪಾಸಾದ ಮಕ್ಕಳು ಹೆದರಿ ನಿಜವಾದ ಅನ್ಯಾಯವನ್ನೂ ನುಂಗಿಕೊಳ್ಳುತ್ತಾರೆ.

ಮೂರನೆಯದು ಸರಾಸರಿಯ ದಾರಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಇದರ ಒಂದಲ್ಲ ಒಂದು ರೂಪ ಇದೆ. ನಾನು ಕೈಲಿ ನಡೆಸಿ ನೋಡಿದ್ದು ಹೀಗೆ: ಎರಡರ ನಡುವೆ ಅಂತರ ಶೇ. 15ರೊಳಗಿದ್ದರೆ ಸರಾಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಮೂರನೆಯವರಿಗೆ ಕಳಿಸಿ, ಮೂರರಲ್ಲಿ ಹತ್ತಿರದ ಎರಡರ ಸರಾಸರಿ. ನಿಮ್ಮ 80 ಅಂಕಕ್ಕೆ ಶೇ. 15 ಅಂದರೆ 12. ಮೊದಲು 24, ಆಮೇಲೆ 34 ಬಂದರೆ ಅಂತರ 10, ಸರಾಸರಿ 29. ಮೊದಲು 22, ಆಮೇಲೆ 40 ಬಂದರೆ ಅಂತರ 18. ಮೂರನೆಯವರು 36 ಕೊಟ್ಟರೆ 40 ಮತ್ತು 36ರ ಸರಾಸರಿ 38. ಎರಡನೆಯವರಿಗೆ ಮೊದಲಿನ ಅಂಕ ಕಾಣಬಾರದು. ಇದು ಮುಖ್ಯ. ಕೆಂಪು ಇಂಕಿನ ಹಳೇ ಅಂಕ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದರ ಸುತ್ತಲೇ ಸುತ್ತುತ್ತದೆ. ಅಂಕ ಮುಚ್ಚಿದ ಪ್ರತಿ ಕೊಡಿ, ಸಾಧ್ಯವಾದರೆ ಹೊರಗಿನ ಕಾಲೇಜಿನವರಿಗೆ ಕೊಡಿ.

ಇದರ ಮುಳ್ಳು ಎರಡು. ಸಮಯ ಜಾಸ್ತಿ ಹಿಡಿಯುತ್ತದೆ. ಮತ್ತೆ, ಸರಾಸರಿಯಲ್ಲಿ ಅಂಕ ಇಳಿಯಬಹುದು. ನನ್ನ ಆಯ್ಕೆ ಇದೇ ದಾರಿ, ಒಂದು ತಿದ್ದುಪಡಿಯೊಂದಿಗೆ: ಇಳಿದರೂ ಪಾಸಾದವನು ಫೇಲಾಗಬಾರದು ಅಂತ ಸೇರಿಸಿ. ಅದು ತರ್ಕಕ್ಕೆ ಪೂರ್ತಿ ಒಪ್ಪುವುದಿಲ್ಲ, ಗೊತ್ತು. ಆದರೆ ಘೋಷಿಸಿದ ಪಾಸನ್ನು ಕಿತ್ತುಕೊಂಡರೆ ಬರುವ ರಗಳೆ, ಉಳಿಸಿಕೊಳ್ಳುವ ತರ್ಕಕ್ಕಿಂತ ದೊಡ್ಡದು. ಈ ಹಂತಕ್ಕೆ ಒಂದು ಸಾಧಾರಣ ಶುಲ್ಕ ಇರಲಿ, ಎರಡನೇ ಮೇಷ್ಟ್ರಿಗೆ ಸಂಭಾವನೆ ಕೊಡಬೇಕಲ್ಲ. ಗ್ರೇಡ್ ಏರಿದರೆ ಶುಲ್ಕ ವಾಪಸ್ ಕೊಡಿ.

ಒಂದು ಎಚ್ಚರಿಕೆ. ನಿಮ್ಮ ಅರ್ಜಿಗಳನ್ನು ಪೇಪರುವಾರು ಜೋಡಿಸಿ ನೋಡಿದ್ದೀರಾ? ಅರ್ಧಕ್ಕರ್ಧ ಒಂದೇ ಪೇಪರಿನವು ಅಂತ ಕಂಡರೆ ಅದು ಮರುಮೌಲ್ಯಮಾಪನದ ಸಮಸ್ಯೆ ಅಲ್ಲವೇ ಅಲ್ಲ. ಪ್ರಶ್ನೆ ಸಿಲಬಸ್ಸಿನ ಹೊರಗಿತ್ತೋ, ಅಚ್ಚಿನ ತಪ್ಪಿತ್ತೋ, ಕನ್ನಡ ಮಾಧ್ಯಮದ ಅನುವಾದದಲ್ಲಿ ಅರ್ಥವೇ ಬೇರೆಯಾಗಿತ್ತೋ, ಒಬ್ಬರೇ ಮೇಷ್ಟ್ರು ಕೈ ಬಿಗಿ ಹಿಡಿದಿದ್ದರೋ. ಕನ್ನಡದ ಪ್ರಶ್ನೆಯಲ್ಲಿ 'ಅಲ್ಲ' ಬಿಟ್ಟುಹೋದದ್ದನ್ನು ನಾನೇ ಕಂಡಿದ್ದೇನೆ. ಇಂಗ್ಲಿಷ್ ಮಾಧ್ಯಮದವರು ಸರಿಯಾಗಿ ಬರೆದಿದ್ದರು, ಕನ್ನಡದವರು ಉಲ್ಟಾ. ಆಗ ಒಬ್ಬೊಬ್ಬರಿಂದ ದುಡ್ಡು ಕಟ್ಟಿಸಿಕೊಂಡು ನೋಡುವುದು ತಪ್ಪು. ಪರೀಕ್ಷಾ ಮಂಡಳಿ ಕೂತು ಇಡೀ ಬ್ಯಾಚಿನ ಪೇಪರನ್ನು ಮತ್ತೆ ನೋಡಬೇಕು, ಅರ್ಜಿ ಹಾಕದವರದ್ದೂ. ಒಂದು ಪೇಪರಿಗೆ ಇಷ್ಟು ಶೇಕಡಾ ಅರ್ಜಿ ದಾಟಿದರೆ ಮಂಡಳಿ ತಾನಾಗಿ ಸೇರಬೇಕು ಅಂತ ನಿಯಮದಲ್ಲೇ ಬರೆದಿಡಿ.

ಇಂಟರ್ನಲ್ಸ್‌ಗೆ ಮೇಲ್ಮನವಿ ಇಲ್ಲ ಅನ್ನುವುದು ನಿಮ್ಮ ನಿಯಮದ ದೊಡ್ಡ ತೂತು. ಪರೀಕ್ಷೆಯಲ್ಲಿ ಕೋಡಿಂಗ್ ಇದೆ, ಹೊರಗಿನವರು ಇದ್ದಾರೆ. ಇಂಟರ್ನಲ್ಸ್‌ನಲ್ಲಿ ಹುಡುಗಿಯ ಹೆಸರು, ಮುಖ, ಅಪ್ಪನ ಕೆಲಸ ಎಲ್ಲ ಮೇಷ್ಟ್ರಿಗೆ ಗೊತ್ತು. ಪಕ್ಷಪಾತಕ್ಕೆ ಜಾಗ ಅಲ್ಲಿ ಜಾಸ್ತಿ, ಅಲ್ಲೇ ಕೇಳುವವರಿಲ್ಲ. ಅವಳೂ ಕೇಳುವುದಿಲ್ಲ, ಮುಂದಿನ ಸೆಮಿಸ್ಟರ್ ಅದೇ ಮೇಷ್ಟ್ರು ಬರುತ್ತಾರಲ್ಲ.

ಇದಕ್ಕೆ ಆಮೇಲೆ ಮೇಲ್ಮನವಿ ಇಟ್ಟು ಪ್ರಯೋಜನವಿಲ್ಲ, ಮೊದಲೇ ತೋರಿಸಬೇಕು. ಪ್ರತಿ ಟೆಸ್ಟಿನ ಪೇಪರನ್ನು ತರಗತಿಯಲ್ಲಿ ವಾಪಸ್ ಕೊಟ್ಟು, ನೋಡಿ ಸಹಿ ಹಾಕಿಸಿ. 20ರಲ್ಲಿ ಟೆಸ್ಟಿಗೆಷ್ಟು, ಅಸೈನ್‌ಮೆಂಟಿಗೆಷ್ಟು, ಸೆಮಿನಾರಿಗೆಷ್ಟು ಅಂತ ಬಿಡಿಬಿಡಿಯಾಗಿ ನೋಟಿಸ್ ಬೋರ್ಡಿಗೆ ಹಾಕಿ, ಹೆಸರಿನ ಬದಲು ರಿಜಿಸ್ಟರ್ ನಂಬರಿನಲ್ಲಿ. ಸೆಮಿಸ್ಟರ್ ಪರೀಕ್ಷೆ ಶುರುವಾಗುವ ಮೊದಲು ಐದು ದಿನ ಆಕ್ಷೇಪಕ್ಕೆ ಬಿಡಿ. ಆಕ್ಷೇಪ ವಿಭಾಗದ ಮುಖ್ಯಸ್ಥರಿಗೆ ಹೋಗಲಿ. ಅಂಕ ಕೊಟ್ಟವರೇ ಮುಖ್ಯಸ್ಥರಾಗಿದ್ದರೆ ಬೇರೆ ವಿಭಾಗದವರಿಗೆ. ಪರೀಕ್ಷೆ ಶುರುವಾದ ಮೇಲೆ ಇಂಟರ್ನಲ್ಸ್ ಮುಟ್ಟಬೇಡಿ, ಫೇಲಾದವರಿಗೆ ಹಿಂಬಾಗಿಲಿಂದ ಎರಡು ಅಂಕ ಸೇರಿಸುವ ಒತ್ತಡ ಆಗಲೇ ಬರುವುದು. ಪ್ರಾಕ್ಟಿಕಲ್ಸ್, ವೈವಾ ವಿಷಯದಲ್ಲಿ ಮತ್ತೆ ನೋಡಲು ಪೇಪರೇ ಇರುವುದಿಲ್ಲ. ಹಾಗಾಗಿ ಇಬ್ಬರು ಪರೀಕ್ಷಕರು, ಬಿಡಿ ಅಂಕದ ಹಾಳೆ, ಇಬ್ಬರ ಸಹಿ. ಇಷ್ಟಿದ್ದರೆ ಸಾಕು.

ಇನ್ನು ತಾರೀಖುಗಳು. ಗೇಟಿನ ಮುಂದೆ ಕೂತ ಮಕ್ಕಳನ್ನು ಕೇಳಿ ನೋಡಿ, ಅರ್ಧ ಸಿಟ್ಟು ಅಂಕದ ಮೇಲಲ್ಲ, ತಾರೀಖಿನ ಮೇಲೆ. ಸಪ್ಲಿಮೆಂಟರಿ ಪರೀಕ್ಷೆಯ ಶುಲ್ಕದ ಕೊನೆಯ ದಿನ ಮೊದಲು ಬರುತ್ತದೆ, ಮರುಮೌಲ್ಯಮಾಪನದ ಫಲಿತಾಂಶ ಆಮೇಲೆ. ಹುಡುಗ ಎರಡು ಕಡೆ ದುಡ್ಡು ಕಟ್ಟುತ್ತಾನೆ. ಒಂದೋ ಕ್ರಮ ತಿರುಗಿಸಿ, ಇಲ್ಲವೇ ಮರುಮೌಲ್ಯಮಾಪನದಲ್ಲಿ ಪಾಸಾದರೆ ಸಪ್ಲಿಮೆಂಟರಿ ಶುಲ್ಕ ವಾಪಸ್ ಅಂತ ಬರೆಯಿರಿ. ಎರಡರಲ್ಲೂ ಪಾಸಾದರೆ ಯಾವ ಅಂಕ ಉಳಿಯುತ್ತದೆ ಅನ್ನುವುದನ್ನೂ ಬರೆಯಿರಿ. ಬರೆಯದಿದ್ದರೆ ಗುಮಾಸ್ತರು ಕೌಂಟರಿನಲ್ಲಿ ದಿನಕ್ಕೊಂದು ನಿಯಮ ಮಾಡುತ್ತಾರೆ.

ಕಾನೂನಿನ ಉಳಿದ ಮಾತು ಚಿಕ್ಕದು. ನಿಯಮ ಇಲ್ಲದ ಕಡೆ ಮರುಮೌಲ್ಯಮಾಪನವನ್ನು ಹಕ್ಕು ಅಂತ ಕೇಳಲಾಗದು, ಇದು ಮಹಾರಾಷ್ಟ್ರ ಬೋರ್ಡಿನ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು. ಪೇಪರ್ ತೋರಿಸಬೇಕಿಲ್ಲ ಅಂತಲೂ ಆಗ ಒಪ್ಪಿತ್ತು. ಮಾಹಿತಿ ಹಕ್ಕು ಬಂದ ಮೇಲೆ ಆ ಭಾಗ ಬದಲಾಯಿತು, ಮೊದಲ ಭಾಗ ಉಳಿದಿದೆ. ನಿಯಮ ಇಲ್ಲದ ಕಡೆಯೂ ಎದ್ದು ಕಾಣುವ ತಪ್ಪಿದ್ದರೆ, ಅದೂ ಅಪರೂಪಕ್ಕೆ ಮಾತ್ರ, ಕೋರ್ಟು ಮಧ್ಯೆ ಬರಬಹುದು ಅಂತ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿಯಮ ನೀವೇ ಮಾಡಿ ನೀವೇ ಮುರಿದರೆ ರಕ್ಷಣೆ ಇಲ್ಲ. ಪಾಲಿಸಲಾಗದ ಗಡುವು ಬರೆಯಬೇಡಿ ಅನ್ನುವುದು ಇದಕ್ಕೇ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು ನಿಮಗೂ ಅನ್ವಯಿಸುತ್ತವೆ. ಮೌಲ್ಯಮಾಪನದಲ್ಲಿ ಪಾರದರ್ಶಕತೆ ಇಲ್ಲದಿರುವುದು, ಫಲಿತಾಂಶ ತಡ ಮಾಡುವುದು ಅಲ್ಲಿ ಕುಂದುಕೊರತೆಯೇ. ಮೊದಲು ಕಾಲೇಜಿನ ಸಮಿತಿ, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ದೂರು ಕೇಳುವ ಸ್ವತಂತ್ರ ಅಧಿಕಾರಿ, ಅಂದರೆ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಆದರೆ ಅಂಕ ಕಮ್ಮಿ ಬಂತು, ಮತ್ತೆ ನೋಡಿಸಿ ಅಂತ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ನಾನು ಹೇಳಿದ ತಪ್ಪು, ತೀರ್ಮಾನದ ಗೆರೆ ಅಲ್ಲೂ ಹೆಚ್ಚುಕಮ್ಮಿ ಅದೇ. ಈ ದಾರಿಯನ್ನು ನಿಮ್ಮ ನಿಯಮದ ಕೊನೆಯಲ್ಲಿ ಒಂದು ಪ್ಯಾರಾದಲ್ಲಿ ಹೇಳಿ. ಹೊಸ ನಿಯಮವನ್ನು ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಪಾಸು ಮಾಡಿಸಿ, ಸೆಮಿಸ್ಟರ್ ಶುರುವಾಗುವ ಮೊದಲು ಪ್ರಕಟಿಸಿ. ಆಟದ ಮಧ್ಯೆ ಗೆರೆ ಬದಲಿಸಬೇಡಿ.

ಮೊದಲ ಮೀಟಿಂಗಿಗೆ ಕರಡು ತೆಗೆದುಕೊಂಡು ಹೋಗಬೇಡಿ. ಹೋದ ಸೆಮಿಸ್ಟರ್‌ನ ಒಂದು ಕಟ್ಟು ಪೇಪರ್ ತೆಗೆದುಕೊಂಡು ಹೋಗಿ, ಅರ್ಜಿ ಹಾಕದವರದ್ದು. ಐದು ಜನಕ್ಕೂ ಹತ್ತತ್ತು ಹಂಚಿ, ಬರೀ ಕೂಡಿಸಿ ನೋಡಿ ಅನ್ನಿ. ಅರ್ಧ ಗಂಟೆ ಸಾಕು. ಪ್ರಿನ್ಸಿಪಾಲರೂ ಬಂದರೆ ಅವರಿಗೂ ಹತ್ತು ಕೊಡಿ. ಶುಲ್ಕ ಎಷ್ಟಿರಬೇಕು ಅನ್ನುವ ವಿಷಯವನ್ನು ಅದಾದ ಮೇಲೆ ಎತ್ತಿ.